ಜಪಾನಿನ ಚಾಕು ಕೊಳ್ಳುವವರು ಸಾಣೆಕಲ್ಲಿಗೂ ದುಡ್ಡಿಟ್ಟುಕೊಳ್ಳಿ

ಚಾಕು ಹರಿತವಾಗಿದೆಯೇ ಎಂದು ನೋಡಲು ಕೋಲಾರದವರಿಗೆ ಬೇರೆ ಪರೀಕ್ಷೆ ಬೇಡ, ಬುಟ್ಟಿಯಲ್ಲಿ ಟೊಮೆಟೊ ಇದ್ದೇ ಇರುತ್ತದೆ. ಚೆನ್ನಾಗಿ ಹಣ್ಣಾದದ್ದೊಂದನ್ನು ಮಣೆಯ ಮೇಲಿಟ್ಟು, ಒತ್ತದೆ, ಚಾಕುವನ್ನು ಸುಮ್ಮನೆ ಎಳೆಯಿರಿ. ಸಿಪ್ಪೆ ತಾನಾಗಿ ಬಿಟ್ಟುಕೊಟ್ಟರೆ ಅದು ಚಾಕು. ಹಣ್ಣು ಅಮುಕಿಹೋಗಿ ರಸವೆಲ್ಲ ಸೆರಗಿಗೆ ಹಾರಿದರೆ ಅದು ತಗಡು. ಈಳಿಗೆ ಮಣೆ ಬಿಟ್ಟು ಕಟ್ಟೆಯ ಮುಂದೆ ನಿಂತು ಹೆಚ್ಚಲು ಶುರುಮಾಡಿದ ಮೇಲೆ ನಾನು ಮೂವತ್ತು ವರ್ಷ ತಗಡಿನಲ್ಲೇ ಹೆಚ್ಚಿದವಳು.

ನರಸಾಪುರದ ಕಾರ್ಖಾನೆಯೊಂದರಲ್ಲಿರುವ ನಮ್ಮ ಅಳಿಯ ತರಬೇತಿಗೆಂದು ಜಪಾನಿಗೆ ಹೋಗಿ ಬರುವಾಗ ಒಂದು ನಕಿರಿ ತಂದುಕೊಟ್ಟ. ನಕಿರಿ ಎಂದರೆ ಸೊಪ್ಪು ತರಕಾರಿಗೆಂದೇ ಮಾಡಿದ ಚಾಕು. ಮೂತಿ ಚೂಪಿಲ್ಲ, ಉದ್ದನೆಯ ಚೌಕ, ನೋಡಲು ಪುಟ್ಟ ಮಚ್ಚಿನ ಹಾಗೆ, ಆದರೆ ಮಚ್ಚಿನ ಭಾರವಿಲ್ಲ. ಮೊದಲ ದಿನ ಬಸ್ಸಾರಿಗೆ ದಂಟಿನ ಸೊಪ್ಪು ಹೆಚ್ಚಿದೆ. ಕಟ್ಟು ಮುಗಿದದ್ದೇ ಗೊತ್ತಾಗಲಿಲ್ಲ.

ಎಂಟು ದಿನವೂ ಕಳೆದಿರಲಿಲ್ಲ, ತೆಂಗಿನ ಹೋಳಿನಿಂದ ಕಾಯಿ ಬಿಡಿಸಲು ಅದರ ಮೂಲೆಯನ್ನೇ ತೂರಿಸಿ ತಿರುವಿದೆ. ಕಟಕ್ ಎಂದಿತು. ಅಕ್ಕಿಕಾಳಿನಷ್ಟು ಉಕ್ಕು ಎಗರಿಹೋಗಿತ್ತು. ತಪ್ಪು ಚಾಕುವಿನದಲ್ಲ. ಜಪಾನಿನವರು ಉಕ್ಕನ್ನು ಹೆಚ್ಚು ಗಟ್ಟಿ ಮಾಡುತ್ತಾರೆ, ರಾಕ್‌ವೆಲ್ ಅಳತೆಯಲ್ಲಿ 60ರ ಆಸುಪಾಸು. ಜರ್ಮನಿಯ ಸಾಮಾನ್ಯ ಚಾಕುಗಳು 56ರಿಂದ 58. ಗಟ್ಟಿಯಾದ್ದರಿಂದ ಅಂಚನ್ನು ತೆಳ್ಳಗೆ ಮಸೆಯಬಹುದು, ಮಸೆದದ್ದು ಬಹಳ ದಿನ ನಿಲ್ಲುತ್ತದೆ. ಅದೇ ಗಟ್ಟಿತನದಿಂದಾಗಿ ತಿರುವಿದರೆ ಬಾಗುವುದಿಲ್ಲ, ಮುರಿಯುತ್ತದೆ. ತೆಂಗಿನಕಾಯಿಗೆ, ವರ್ಷತೊಡಕಿನ ಮೂಳೆಗೆ, ಬಲಿತ ಕುಂಬಳಕಾಯಿ ಸೀಳಲು ಹಳೆಯ ಮಚ್ಚು ಮನೆಯಲ್ಲಿರಲಿ. ಅದನ್ನು ಗುಜರಿಗೆ ಹಾಕಿ ಜಪಾನಿನ ಚಾಕು ಕೊಳ್ಳುವವರು ಕೊಳ್ಳದಿರುವುದೇ ಮೇಲು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಬೀದಿಯಲ್ಲಿ ಸಾಣೆ ಹಿಡಿಯುವವನು ಬಂದಾಗ ಆ ಮುಕ್ಕನ್ನು ಸರಿಮಾಡಿಕೊಡು ಎಂದು ಕೊಟ್ಟೆ. ಕಿಡಿ ಹಾರಿಸಿ ಎರಡೇ ನಿಮಿಷದಲ್ಲಿ ಕೈಗಿತ್ತ. ಅಂಚಿನುದ್ದಕ್ಕೂ ನೀಲಿ ಬಣ್ಣ ತಿರುಗಿತ್ತು. ನೀರಿಲ್ಲದೆ ವೇಗವಾಗಿ ಸುತ್ತುವ ಚಕ್ರದ ಕಾವಿಗೆ ಉಕ್ಕಿನ ಹದ ಇಳಿದು ಮೆತ್ತಗಾಗುತ್ತದೆ. ಕುಲುಮೆಯಲ್ಲಿ ಕಮ್ಮಾರರು ಕುಡುಗೋಲಿಗೆ ನೀರು ಕುಡಿಸುವುದನ್ನು ಚಿಕ್ಕಂದಿನಲ್ಲಿ ಎಷ್ಟೋ ಸಲ ನೋಡಿದ್ದ ನನಗೆ ಇದು ಹೊಳೆಯಬೇಕಿತ್ತು. ಆ ಚಾಕು ಈಗ ಹಾಲಿನ ಪ್ಯಾಕೆಟ್ಟು ಕತ್ತರಿಸುತ್ತದೆ.

ಆಮೇಲೆ ನನ್ನ ದುಡ್ಡಿನಲ್ಲಿ ಒಂದು ಕೊಂಡೆ, ತಂಗಿಯ ಸೊಸೆಗೂ ಕೊಡಿಸಿದೆ. ಐದರಿಂದ ಹತ್ತು ಸಾವಿರ ರೂಪಾಯಿ ಕೈಯಲ್ಲಿಟ್ಟುಕೊಂಡು ಹೊರಡುವವರಿಗೆ ಅದೇ ಅನುಭವದಿಂದ ಹೇಳುತ್ತೇನೆ. ಇದ್ದ ಹಣವನ್ನೆಲ್ಲ ಚಾಕುವಿಗೇ ಸುರಿಯಬೇಡಿ. ಕಾಲುಭಾಗ ಕಲ್ಲಿಗೆ ಮತ್ತು ಮಣೆಗೆ ಎತ್ತಿಡಿ.

ಆಕಾರದ ವಿಷಯಕ್ಕೆ ಬಂದರೆ ಅಂಗಡಿಯವರು ಮೊದಲು ತೋರಿಸುವುದು ಗ್ಯೂಟೊ. ಅದು ಅವರ ಬಾಣಸಿಗರ ಚಾಕು, 210 ಅಥವಾ 240 ಮಿಲಿಮೀಟರ್ ಉದ್ದ. ಮದುವೆ ಮನೆಯ ಅಡುಗೆಯವರಿಗೆ ಸರಿ. ನಮ್ಮ ಕಟ್ಟೆಯ ಮೇಲೆ ಒಂದು ಕಡೆ ಒಲೆ, ಇನ್ನೊಂದು ಕಡೆ ಮಿಕ್ಸಿ, ನಡುವೆ ಉಳಿಯುವ ಮೊಳದಷ್ಟು ಜಾಗದಲ್ಲಿ ಅದನ್ನು ಆಡಿಸಿದರೆ ಹಿಡಿ ಗೋಡೆಗೆ ಬಡಿಯುತ್ತದೆ. ಮನೆಗೆ 165ರಿಂದ 180 ಮಿಲಿಮೀಟರಿನ ಸಾಂತೊಕು ಸಾಕು. ಸಾಂತೊಕು ಎಂದರೆ ಮೂರು ಗುಣ ಎಂದು ಅರ್ಥವಂತೆ, ಮಾಂಸ, ಮೀನು, ತರಕಾರಿ ಮೂರಕ್ಕೂ ಒದಗುತ್ತದೆ. ಮಾಂಸ ಮಾಡದ ಮನೆಯಾದರೆ ಎರಡನೆಯ ಯೋಚನೆ ಬೇಡ, ನಕಿರಿಯನ್ನೇ ತನ್ನಿ. ಅಂಚು ನೇರವಾಗಿರುವುದರಿಂದ ಮಣೆಗೆ ಪೂರ್ತಿ ಕೂರುತ್ತದೆ, ಹುರುಳಿಕಾಯಿ ಹೆಚ್ಚಿದರೆ ನಾರಿನಲ್ಲಿ ಒಂದಕ್ಕೊಂದು ನೇತಾಡುವುದಿಲ್ಲ. ಒಂದೇ ಬದಿ ಮಸೆದ ಚಾಕುಗಳೂ ಸಿಗುತ್ತವೆ. ಅವು ಅಲ್ಲಿನ ವೃತ್ತಿಯವರಿಗೆ, ಅದರಲ್ಲೂ ಹೆಚ್ಚಿನವು ಬಲಗೈಯವರಿಗೆ. ತಂಗಿಯ ಸೊಸೆ ಎಡಚಿ, ಆದ್ದರಿಂದ ಅವಳಿಗೆ ಆರಿಸುವಾಗ ಮರದ ಹಿಡಿಯನ್ನೂ ನೋಡಬೇಕಾಯಿತು. ಒಂದು ಪಕ್ಕಕ್ಕೆ ಮಾತ್ರ ಏಣು ಇರುವ ಹಿಡಿಗಳು ಬಲಗೈಗೆ ಅಳತೆ ಕೊಟ್ಟಂಥವು. ಅವಳಿಗೆ ಎಂಟು ಮುಖದ್ದು ತಂದೆವು.

ಉಕ್ಕಿನ ಹೆಸರುಗಳನ್ನು ಕೇಳಿ ಗಾಬರಿಯಾಗಬೇಡಿ. ಶಿರೊಗಾಮಿ, ಅಒಗಾಮಿ ಎಂಬ ಇಂಗಾಲದ ಉಕ್ಕುಗಳು ಮಸೆಯಲು ಬೆಣ್ಣೆಯಂತೆ, ಆದರೆ ತುಕ್ಕು ಹಿಡಿಯುತ್ತವೆ. ನಮ್ಮದು ಹುಣಸೆಹಣ್ಣು, ನಿಂಬೆ, ಟೊಮೆಟೊ, ಶ್ರೀನಿವಾಸಪುರದ ಮಾವಿನಕಾಯಿಯ ಅಡುಗೆ. ಹುಳಿ ತಾಗಿದರೆ ಆ ಉಕ್ಕು ಕಪ್ಪಾಗುತ್ತದೆ, ಹೊಸದರಲ್ಲಿ ಈರುಳ್ಳಿಗೂ ಕಬ್ಬಿಣದ ವಾಸನೆ ಹತ್ತಿಸುತ್ತದೆ. ಹೆಚ್ಚುವ ನಡುವೆ ಕುಕ್ಕರ್ ಕೂಗಿತೆಂದು ಎದ್ದು ಓಡುವವರಿಗೆ ಅದು ಒಗ್ಗದು. ವಿಜಿ-10 ಅಥವಾ ಎಯುಎಸ್-10 ಎಂದು ಬರೆದಿರುವ ತುಕ್ಕು ಹಿಡಿಯದ ಉಕ್ಕು ತೆಗೆದುಕೊಳ್ಳಿ. ವಿಜಿ-10ರಲ್ಲಿ ಶೇ 15ರಷ್ಟು ಕ್ರೋಮಿಯಂ ಇದೆ, ಹಾಗಾಗಿ ಹುಳಿಯನ್ನು ತಡೆದುಕೊಳ್ಳುತ್ತದೆ. ಅಷ್ಟಕ್ಕೂ ಕೈಗೆಟುಕದಿದ್ದರೆ ಎಯುಎಸ್-8 ಸ್ವಲ್ಪ ಮೆದು, ಅಂಚು ಬೇಗ ಮೊಂಡಾಗುತ್ತದೆ, ಆದರೆ ಬೇಗ ಚೂಪೂ ಆಗುತ್ತದೆ. ಮುಕ್ಕಾಗುವ ಭಯವೂ ಕಡಿಮೆ.

ನೀರಿನ ಅಲೆಯಂತೆ ಗೆರೆಗಳಿರುವ ಡಮಾಸ್ಕಸ್ ಚಾಕುವಿಗೆ ಎಲ್ಲರೂ ಮರುಳಾಗುತ್ತಾರೆ. ಆ ಗೆರೆ ಹೊರಪದರದ ಅಲಂಕಾರ, ಹೆಚ್ಚುವುದು ನಡುವಿನ ಉಕ್ಕು. ಅಗ್ಗದವುಗಳಲ್ಲಿ ಗೆರೆಗಳೂ ಮೇಲೆ ಕೊರೆದದ್ದೇ. ಸೀರೆಯ ಜರಿ ನೋಡಿ ನೂಲನ್ನು ಮರೆಯುವ ಕಥೆ ಇದು.

ದೊಡ್ಡಪೇಟೆಯ ಪಾತ್ರೆ ಅಂಗಡಿಗಳಲ್ಲಿ ನಾನು ಹುಡುಕಿದಾಗ ಇಂಥವು ಕಾಣಲಿಲ್ಲ, ಬೆಂಗಳೂರಿಗೆ ಹೋಗಬೇಕು ಅಥವಾ ಮೊಬೈಲಿನಲ್ಲಿ ತರಿಸಬೇಕು. ಮೊಬೈಲಿನಲ್ಲಿ ನೋಡುವಾಗ ಜಪಾನಿ ಅಕ್ಷರ ಕೆತ್ತಿದ್ದನ್ನು ನಂಬಬೇಡಿ. ಉಕ್ಕಿನ ಹೆಸರು, ತಯಾರಾದ ದೇಶ, ತಯಾರಕರ ಊರು, ಈ ಮೂರೂ ಬರೆದಿದ್ದರೆ ಮಾತ್ರ ಮುಂದೆ ಹೋಗಿ. ಸೆಕಿ, ಸಕಾಯ್, ಎಚಿಜೆನ್, ನೀಗಾತದ ಸಾಂಜೊ, ತ್ಸುಬಮೆ, ಇವೆಲ್ಲ ಚಾಕುವಿಗೆ ಹೆಸರಾದ ಊರುಗಳು. ತ್ಸುಬಮೆಯ ತೊಜಿರೊ ಕಂಪನಿಯ ವಿಜಿ-10 ಚಾಕುಗಳು ಆಡಂಬರವಿಲ್ಲದ ಗಟ್ಟಿ ಸಾಮಾನು. ಸೆಕಿ ಮೂಲದ ಕಾಯ್ ಕಂಪನಿಗೆ ರಾಜಸ್ಥಾನದ ನೀಮ್ರಾನಾದಲ್ಲೇ ಕಾರ್ಖಾನೆಯಿದೆ, ಅವರದ್ದು ಇಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಯಾವುದು ಎಲ್ಲಿ ತಯಾರಾದದ್ದು ಎಂದು ಓದಿಯೇ ಕೊಳ್ಳಿ. ಅಂಗಡಿಯಲ್ಲಾದರೆ ಕೈಯಲ್ಲಿ ಹಿಡಿದು ನೋಡಿ. ಅಂಚನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರೆ ಸೊಟ್ಟಗಿರುವುದು ಗೊತ್ತಾಗುತ್ತದೆ. ಹಿಡಿಯ ಕೆಳಗೆ ಬೆರಳಿನ ಗೆಣ್ಣು ಮಣೆಗೆ ತಾಗಬಾರದು.

ಇನ್ನು ಕಲ್ಲು. ಒಂದೇ ಕೊಳ್ಳುವುದಾದರೆ 1000 ಸಂಖ್ಯೆಯದು. ಕಲ್ಲಿನ ಮೇಲೆ ಬರೆದಿರುವ ಈ ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನಯ. ನೆನೆಸುವ ಜಾತಿಯದಾದರೆ ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿಟ್ಟು, ಕೆಳಗೆ ಒದ್ದೆ ಬಟ್ಟೆ ಹಾಸಿ. ಅಂಚು ಕಲ್ಲಿಗೆ ತಾಗಿರಲಿ, ಬೆನ್ನು ಮಾತ್ರ ನಿಮ್ಮ ಕಿರುಬೆರಳು ತೂರುವಷ್ಟು ಎದ್ದಿರಲಿ. ಅದು ಹೆಚ್ಚೂಕಡಿಮೆ 15 ಡಿಗ್ರಿ ಕೋನ. ಅದೇ ಎತ್ತರ ಹಿಡಿದು ಒಂದು ಬದಿಯನ್ನು ಹಿಂದೆ ಮುಂದೆ ಉಜ್ಜಿ. ಎದ್ದ ಕೆಸರನ್ನು ತೊಳೆಯಬೇಡಿ, ಮಸೆಯುವುದು ಅದೇ. ಸ್ವಲ್ಪ ಹೊತ್ತಿಗೆ ಮೇಲಿನ ಬದಿಯ ಅಂಚಿನಲ್ಲಿ ಬೆರಳಿಗೆ ಸಣ್ಣ ತರಿ ಸಿಗುತ್ತದೆ. ಬೆರಳನ್ನು ಬೆನ್ನಿನಿಂದ ಹೊರಕ್ಕೆ ಸವರಿ ನೋಡಬೇಕೇ ಹೊರತು ಅಂಚಿನುದ್ದಕ್ಕೆ ಎಳೆಯಬಾರದು, ನನ್ನ ಹೆಬ್ಬೆರಳಿನ ಗಾಯ ಹಾಗೇ ಆದದ್ದು. ಹಿಡಿಯಿಂದ ತುದಿಯವರೆಗೆ ತರಿ ಎದ್ದ ಮೇಲೆ ಮಗುಚಿ ಇನ್ನೊಂದು ಬದಿ ಉಜ್ಜಿ, ಕೊನೆಗೆ ಎರಡೂ ಬದಿ ಹಗುರವಾಗಿ ನಾಲ್ಕೈದು ಸಲ ಎಳೆದರೆ ತರಿ ಬಿದ್ದುಹೋಗುತ್ತದೆ. ಮೊದಲ ಸಲ ಒಂದು ಗಂಟೆ ಹಿಡಿಯಿತು, ಈಗ ಸಾರು ಕುದಿಯುವಷ್ಟರಲ್ಲಿ ಆಗುತ್ತದೆ. ಎರಡು ತಿಂಗಳಿಗೊಮ್ಮೆ ಸಾಕು.

ಮಣೆ ಮರದ್ದಿರಲಿ. ಗಾಜು, ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆಯ ಮೇಲೆ ಹೆಚ್ಚಿದರೆ ಮಸೆದದ್ದೆಲ್ಲ ಒಂದೇ ದಿನದಲ್ಲಿ ಮಣ್ಣುಪಾಲು. ಹೆಚ್ಚಿದ್ದನ್ನು ಪಾತ್ರೆಗೆ ತಳ್ಳುವಾಗ ಅಂಚಿನಿಂದ ಕೆರೆಯದೆ ಚಾಕುವನ್ನು ಮಗುಚಿ ಬೆನ್ನಿನಿಂದ ತಳ್ಳಿ. ಸಿಂಕಿನಲ್ಲಿ ಮುಸುರೆಯ ಜೊತೆ ಬಿಡದೆ ಆಗಲೇ ತೊಳೆದು ಒರೆಸಿ. ಚಮಚದ ಬುಟ್ಟಿಗೆ ಹಾಕಬೇಡಿ. ನಾನು ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟನ್ನು ಮಡಿಸಿ, ಟೇಪು ಸುತ್ತಿ ಒರೆ ಮಾಡಿದ್ದೇನೆ. ಯಾರಾದರೂ ಚಾಕು ಕೇಳಿದರೆ ಕೈಗೆ ಕೊಡದೆ ಕಟ್ಟೆಯ ಮೇಲಿಡುತ್ತೇನೆ, ಅವರೇ ಎತ್ತಿಕೊಳ್ಳುತ್ತಾರೆ. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತಿದ್ದರು ನಮ್ಮತ್ತೆ. ಜಗಳದ ಮಾತು ಹಾಗಿರಲಿ, ಈ ಚಾಕುವಿನ ಹರಿತಕ್ಕೆ ಆ ಪದ್ಧತಿ ಬಲು ಚೆನ್ನಾಗಿ ಹೊಂದುತ್ತದೆ.