ನನ್ನ ಗಿಟಾರಿಗೆ ಮಳೆಗಾಲಕ್ಕೊಂದು ಸ್ಯಾಡಲ್, ಬೇಸಿಗೆಗೊಂದು

"ಚಪ್ಪಲೀನಾ ಅದು, ಮಳೆಗೊಂದು ಬಿಸಿಲಿಗೊಂದು ಇಟ್ಕೊಳ್ಳೋಕೆ?" ಅಂತ ಜೊತೆಗೆ ನುಡಿಸುವ ಹುಡುಗರು ನಕ್ಕಿದ್ದರು, ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಪಟ್ಟಿ, ಅಂದರೆ ಸ್ಯಾಡಲ್, ಎರಡು ಮಾಡಿಕೊಂಡೆ ಅಂದಾಗ. ಎರಡು ವರ್ಷ ಆಯಿತು. ನನ್ನ ಯಮಾಹಾ ಎಫ್‌ಜಿ 800 ಈಗ ಆಗಸ್ಟಿನಲ್ಲೂ ಮಾರ್ಚಿನಲ್ಲೂ ಒಂದೇ ಥರ ಕೈಗೆ ಸಿಗುತ್ತದೆ. ಅವರ ಗಿಟಾರುಗಳ ಕಥೆ ಅವರನ್ನೇ ಕೇಳಿ.

ಮೊದಲು ಕಳಕೊಂಡ ದುಡ್ಡಿನ ಲೆಕ್ಕ. ತಗೊಂಡ ವರ್ಷದ ಮಳೆಗಾಲಕ್ಕೇ ಆಕ್ಷನ್, ಅಂದರೆ ಕತ್ತಿನ (ನೆಕ್) ಮೇಲಿನ ಲೋಹದ ಅಡ್ಡಪಟ್ಟಿಗಳಿಂದ (ಫ್ರೆಟ್) ತಂತಿಗಿರುವ ಎತ್ತರ, ಏರಿತ್ತು; ಎಫ್ ಕಾರ್ಡ್ ಹಿಡಿದರೆ ತೋರುಬೆರಳು ಸೋತುಹೋಗುತ್ತಿತ್ತು. ಒಂದು ಅಂಗಡಿಗೆ ಸೆಟಪ್‌ಗೆ ಕೊಟ್ಟೆ. ಸಾವಿರದ ಎಂಟುನೂರು ತಗೊಂಡು ಹೊಸ ತಂತಿ ಹಾಕಿ ಟ್ರಸ್ ರಾಡ್ (ನೆಕ್ಕಿನೊಳಗಿನ ಲೋಹದ ಸರಳು) ಬಿಗಿ ಮಾಡಿದರು, ಅಷ್ಟೇ. ಮನೆಗೆ ಬಂದು ನೋಡಿದರೆ ನೆಕ್ ಹಿಂದಕ್ಕೆ ಬಾಗಿ ಮೊದಲ ಮೂರು ಫ್ರೆಟ್ ಗುಂಯ್ ಅನ್ನುತ್ತಿವೆ, ಹನ್ನೆರಡನೇ ಫ್ರೆಟ್ ಹತ್ತಿರ ತಂತಿ ಇನ್ನೂ ಎತ್ತರದಲ್ಲೇ ಇದೆ. ರಾಡ್ ಇರೋದು ರಿಲೀಫ್‌ಗೆ, ಅಂದರೆ ನೆಕ್ಕಿನ ಸಣ್ಣ ಬಾಗು ಹೊಂದಿಸೋಕೆ; ಆಕ್ಷನ್ ಇಳಿಸೋಕಲ್ಲ. ಅವರಿಗೆ ಗೊತ್ತಿರಬೇಕಿತ್ತು, ಅಲ್ವಾ?

ಸರಿ, ನಾನೇ ಕೈ ಹಾಕಿದೆ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ನೋಡೋಕೆ ಇಟ್ಟುಕೊಳ್ಳುವ ಫೀಲರ್ ಗೇಜನ್ನು (ಸಂದಿನ ಅಗಲ ಅಳೆಯುವ ತೆಳು ಪಟ್ಟಿಗಳು) ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನೂರೈವತ್ತೋ ಏನೋ ಕೊಟ್ಟು ತಂದೆ. ರಾಡ್ ಸಡಿಲಿಸಿ ರಿಲೀಫ್ 0.2 ಮಿ.ಮೀ.ಗೆ ತಂದು, ಸ್ಯಾಡಲ್ ತಳ ಉಜ್ಜಿ, ಆರನೇ ತಂತಿಯನ್ನು ಹನ್ನೆರಡನೇ ಫ್ರೆಟ್ಟಿನಲ್ಲಿ 2.3ಕ್ಕೆ ಇಳಿಸಿದೆ. ಬೆಣ್ಣೆ! ಊರಿಗೆಲ್ಲ ಹೇಳಿಕೊಂಡು ಬಂದೆ.

ಮಾರ್ಚ್ ಬಂತು. ಅದೇ ತಂತಿ 1.7ಕ್ಕೆ ಕೂತಿತ್ತು, ಸ್ವಲ್ಪ ಜೋರಾಗಿ ಸ್ಟ್ರಮ್ ಮಾಡಿದರೆ ಫ್ರೆಟ್ ಫ್ರೆಟ್ಟಿಗೂ ಜೀರುಂಡೆ. ಸಾಲಿಡ್ ಟಾಪ್, ಅಂದರೆ ಒಂದೇ ಪದರದ ಮರದ ಮೇಲ್ಹಲಗೆ, ಮಳೆಗಾಲದ ತೇವ ಕುಡಿದು ಉಬ್ಬಿತ್ತು, ಬೇಸಿಗೆಗೆ ಒಣಗಿ ಇಳಿದಿತ್ತು. ಹಬ್ಬದೂಟ ಮಾಡಿದ ಹೊಟ್ಟೆಗೆ ಅಳತೆ ತೆಗೆದು ಅಂಗಿ ಹೊಲಿಸಿದ ಹಾಗಾಯಿತು ನನ್ನ ಕೆಲಸ.

ಹಾಗಾದರೆ ಕಾಲಕ್ಕೊಂದು ಸ್ಯಾಡಲ್ ಮಾಡೋದೇ ಸರಿ ಅನ್ನಿಸಿತು. ದುಡ್ಡು ಉಳಿಸೋಣ ಅಂತ ಅದಕ್ಕೆ ಶಿವಾಜಿನಗರದಿಂದ ಎಮ್ಮೆ ಮೂಳೆ ತಂದು ಕುಕ್ಕರಿನಲ್ಲಿ ಬೇಯಿಸಿದ್ದೂ ಆಯಿತು. ಜಿಡ್ಡು ಹೋಗಲಿಲ್ಲ. ಆ ಕುಕ್ಕರನ್ನು ಅಮ್ಮ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಕೊನೆಗೆ ಮುನ್ನೂರೈವತ್ತರಂತೆ ಎರಡು ಬೋನ್ ಬ್ಲ್ಯಾಂಕ್ (ಸ್ಯಾಡಲ್ ಮಾಡೋಕೆ ಸಿದ್ಧವಾಗಿ ಸಿಗುವ ಮೂಳೆ ತುಂಡು) ತರಿಸಿದೆ. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ 0.6 ಏರಬೇಕು ಅಂದರೆ ಸ್ಯಾಡಲ್ಲಿನಲ್ಲಿ ಅದರ ದುಪ್ಪಟ್ಟು, ಹಾಗಾಗಿ ಬೇಸಿಗೆಯದು ಮಳೆಗಾಲದ್ದಕ್ಕಿಂತ 1.2 ಮಿ.ಮೀ. ಹೆಚ್ಚು ಎತ್ತರ. ತಳ ಓರೆಯಾಗದ ಹಾಗೆ ಉಜ್ಜೋಕೆ ಒಂದು ಉಪಾಯ ಇದೆ, ಅದನ್ನು ಹೇಳಲ್ಲ, ನಾನು ಮೂರು ಸ್ಯಾಡಲ್ ಹಾಳು ಮಾಡಿ ಕಲಿತದ್ದು.

ಯಾವಾಗ ಬದಲಿಸಬೇಕು ಅನ್ನೋದಕ್ಕೆ ಇನ್ನೂರೈವತ್ತು ರೂಪಾಯಿಯ ತೇವಾಂಶ ಮೀಟರ್ ಸಾಕು, ಆದರೆ ಅದನ್ನು ಸುಮ್ನೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಆಗುವಷ್ಟು ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಕವರಿನಲ್ಲಿ ರಾತ್ರಿಯಿಡೀ ಮುಚ್ಚಿಡಿ. ಶೇ. 75 ತೋರಿಸಬೇಕು. ನನ್ನದು 69 ಅಂದಿತು, ಈಗ ಆರು ಸೇರಿಸಿ ಓದುತ್ತೇನೆ. ವಾರವಿಡೀ 40ರ ಕೆಳಗಿದ್ದರೆ ಬೇಸಿಗೆಯದು, 60 ದಾಟಿದರೆ ಮಳೆಗಾಲದ್ದು. ಹೆಚ್ಚುಕಮ್ಮಿ ಫೆಬ್ರವರಿಗೊಮ್ಮೆ, ಜೂನಿಗೊಮ್ಮೆ. ಸ್ಯಾಡಲ್ ಬದಲಿಸಿದರೆ ಟಾಪ್ ಸೀಳೋದೇನೂ ನಿಲ್ಲಲ್ಲ, ಅದಕ್ಕೆ ಬೇಸಿಗೆಯಲ್ಲಿ ಕೇಸಿನೊಳಗೆ ತೂತು ಕೊರೆದ ಸೋಪಿನ ಡಬ್ಬಿ, ಅದರಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜು.

ಉಳಿದದ್ದು ನಟ್, ಅಂದರೆ ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳ ಪಟ್ಟಿ. ಆ ಕಚ್ಚು ಉಜ್ಜುವ ಫೈಲ್ ಸೆಟ್ಟಿನ ಬೆಲೆ ಕೇಳಿ ಹೆದರಿ, ಎಸ್.ಪಿ. ರಸ್ತೆಯಿಂದ ವೆಲ್ಡಿಂಗ್ ಟಿಪ್ ಕ್ಲೀನರ್ (ಒರಟು ಸಣ್ಣ ಕಡ್ಡಿಗಳ ಸೆಟ್) ತಂದು ಉಜ್ಜಿದೆ. ಐದು ತಂತಿ ಸರಿಹೋದವು. ಮೂರನೆಯದು ಮಾತ್ರ ಟ್ಯೂನ್ ಮಾಡುವಾಗ ಇನ್ನೂ ಟಿಕ್ ಅನ್ನುತ್ತದೆ, ಸದ್ಯಕ್ಕೆ ಪೆನ್ಸಿಲ್ ಪುಡಿ ತುಂಬಿ ನಡೆಸುತ್ತಿದ್ದೇನೆ.