ಹಾಯಿದೋಣಿಯೇ ಮನೆಯಾದರೆ ಸಾಮಾನು ತರುವುದು ಹೇಗೆ?

ಹಾಯಿದೋಣಿಯಲ್ಲಿ ವಾಸ ಮಾಡುವವರಿಗೆ ಸೋಪು ಮುಗಿಯಿತು ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಆಗುವುದಿಲ್ಲ. ದೋಣಿ ದಡದಿಂದ ದೂರದಲ್ಲಿ ಲಂಗರು ಹಾಕಿ ನಿಂತಿರುತ್ತದೆ. ನಡುವೆ ನೀರು. ದಾಟಲು ಇರುವುದು ಡಿಂಗಿ ಎನ್ನುವ ಪುಟ್ಟ ದೋಣಿ. ಅದೇ ನಿಮ್ಮ ಸ್ಕೂಟರ್, ಅದೇ ನಿಮ್ಮ ಲಗೇಜ್ ಆಟೋ. ಹಾಗಾಗಿ ಒಂದೊಂದು ಕೆಲಸಕ್ಕೂ ಒಂದೊಂದು ಸಲ ಓಡಾಡಬೇಡಿ. ಎಲ್ಲವನ್ನೂ ಒಂದೇ ಸುತ್ತಿಗೆ ಸೇರಿಸಿ, ಬೆಳಿಗ್ಗೆಯೇ ಹೊರಡಿ. ಕರಾವಳಿಯಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗಾಳಿ ಜೋರಾಗುತ್ತದೆ. ಬರುವಾಗ ಸಾಮಾನೂ ನೀವೂ ಒಟ್ಟಿಗೇ ನೆನೆಯುತ್ತೀರಿ.

ಹೊರಡುವ ಮುಂಚೆ ಲಂಗರು ನೋಡಿ. ಲಂಗರಿಗೆ ಕಟ್ಟಿರುವುದು ಪೂರ್ತಿ ಸರಪಳಿಯೇ ಆದರೆ ನೀರಿನ ಆಳದ 5 ಪಟ್ಟು ಉದ್ದವಾದರೂ ಬಿಟ್ಟಿರಬೇಕು. ಹಗ್ಗ ಸೇರಿದ್ದರೆ 7 ಪಟ್ಟು. ಆಳವನ್ನು ಉಬ್ಬರದ ಲೆಕ್ಕದಲ್ಲೇ ಹಿಡಿಯಿರಿ, ದೋಣಿಯ ಮೂತಿಯ ಎತ್ತರವನ್ನೂ ಕೂಡಿಸಿ. ಆಮೇಲೆ ಗ್ಯಾಸ್. ಸಿಲಿಂಡರಿನ ವಾಲ್ವನ್ನೇ ಬಂದ್ ಮಾಡಿ, ಒಲೆಯ ಗುಂಡಿ ತಿರುಗಿಸಿದರೆ ಸಾಲದು. ಎಲ್‌ಪಿಜಿ ಗಾಳಿಗಿಂತ ಭಾರ. ದೋಣಿಯ ಹೊಟ್ಟೆಯೋ ಬಟ್ಟಲಿನ ಹಾಗೆ. ಸೋರಿದ ಗ್ಯಾಸ್ ತಳದಲ್ಲಿ ಹೋಗಿ ಕೂತುಬಿಡುತ್ತದೆ, ಆಮೇಲೆ ಒಂದು ಕಿಡಿ ಸಾಕು. ಕತ್ತಲಾಗುವ ಅನುಮಾನವಿದ್ದರೆ ನಿಂತ ದೋಣಿಯನ್ನು ತೋರಿಸುವ ಲಂಗರು ದೀಪ ಹಾಕಿಯೇ ಹೋಗಿ. ರಾತ್ರಿ ಎಲ್ಲ ದೋಣಿಗಳೂ ಒಂದೇ ಥರ ಕಾಣುತ್ತವೆ.

ಡಿಂಗಿಯನ್ನು ಖಾಲಿ ಒಯ್ಯಬೇಡಿ. ಒಗೆಯುವ ಬಟ್ಟೆ, ಖಾಲಿ ಕ್ಯಾನು, ಕಸದ ಚೀಲ ಎಲ್ಲ ಹೋಗಲಿ. ಪ್ಲಾಸ್ಟಿಕ್ಕನ್ನು ಯಾವ ಸಮುದ್ರದಲ್ಲೂ, ಎಷ್ಟು ದೂರ ಹೋದರೂ ಎಸೆಯುವ ಹಾಗಿಲ್ಲ. ಹಡಗುಗಳಿಂದ ಸಮುದ್ರ ಕೊಳೆಯಾಗದಂತೆ ತಡೆಯುವ ಅಂತರರಾಷ್ಟ್ರೀಯ ಮಾರ್ಪಾಲ್ ಒಪ್ಪಂದದ ಈ ನಿಯಮ 1988ರ ಕೊನೆಯಿಂದಲೇ ಜಾರಿಯಲ್ಲಿದೆ. ಸಣ್ಣ ದೋಣಿಗೂ ವಿನಾಯಿತಿ ಇಲ್ಲ.

ಕಟ್ಟೆಯಲ್ಲಿ ಡಿಂಗಿ ಕಟ್ಟುವಾಗ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ನಾನು ಮೊದಲ ಸಲ ಹಗ್ಗವನ್ನು ಮೋಟಾಗಿ ಕಟ್ಟಿ ಪೇಟೆ ಸುತ್ತಲು ಹೋಗಿದ್ದೆ. ವಾಪಸ್ ಬಂದಾಗ ನೀರು ಇಳಿದು ಡಿಂಗಿಯ ಮೂತಿ ಕಟ್ಟೆಗೆ ನೇತಾಡುತ್ತಿತ್ತು. ಒಂದು ಹುಟ್ಟು ಆರಾಮವಾಗಿ ತೇಲಿಕೊಂಡು ಹೊರಟಿತ್ತು. ಹಗ್ಗ ಉದ್ದ ಬಿಡಿ. ನೀರು ಏರುವ ಹೊತ್ತಾದರೆ ಡಿಂಗಿ ಕಟ್ಟೆಯ ಅಡಿಗೆ ನುಗ್ಗಿ ಸಿಕ್ಕಿಕೊಳ್ಳದ ಹಾಗೆ ಜಾಗ ನೋಡಿ ಕಟ್ಟಿ.

ದಡದಲ್ಲಿ ಮೊದಲು ಬಟ್ಟೆ ಒಗೆಯಲು ಹಾಕಿ. ಅದು ಯಂತ್ರದಲ್ಲಿ ತಿರುಗುತ್ತಿರುವಾಗ ಅಂಗಡಿ ಕೆಲಸ ಮುಗಿಯುತ್ತದೆ. ಸಮುದ್ರದ ನೀರಲ್ಲೇ ಒಗೆದರೆ ಆಗಲ್ವಾ ಎಂದು ಕೇಳುತ್ತಾರೆ. ಒಗೆಯಬಹುದು, ಆದರೆ ಕೊನೆಯಲ್ಲಿ ಸಿಹಿನೀರಿನಲ್ಲಿ ಜಾಲಿಸದಿದ್ದರೆ ಉಪ್ಪು ಗಾಳಿಯ ತೇವ ಎಳೆದುಕೊಂಡು ಬಟ್ಟೆ ಸದಾ ಹಸಿಹಸಿ.

ಸಾಮಾನಿನ ರಟ್ಟಿನ ಡಬ್ಬಗಳನ್ನು ದಡದಲ್ಲೇ ಬಿಡಿ. ಅದರ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಇರಬಹುದು, ಒಮ್ಮೆ ದೋಣಿ ಹೊಕ್ಕರೆ ಓಡಿಸುವುದು ಬಹಳ ಕಷ್ಟ. ತಗಡಿನ ಡಬ್ಬಿಗಳ ಲೇಬಲ್ ತೇವಕ್ಕೆ ಕಿತ್ತುಬರುತ್ತದೆ. ಮೊದಲೇ ಮಾರ್ಕರ್‌ನಿಂದ ಮೇಲೆ ಹೆಸರು ಬರೆದಿಡಿ. ಇಲ್ಲದಿದ್ದರೆ ಒಳಗೇನಿದೆ ಅನ್ನುವುದು ತೆರೆದ ಮೇಲೇ ಗೊತ್ತಾಗುವುದು.

ಕುಡಿಯುವ ನೀರು ಕೊನೆಗೆ ತುಂಬಿಸಿಕೊಳ್ಳಿ. 20 ಲೀಟರಿನ ಕ್ಯಾನು ಎಂದರೆ 20 ಕಿಲೋ ಭಾರ. ಅಲುಗಾಡುವ ಡಿಂಗಿಯಲ್ಲಿ ನಿಂತು ಅದನ್ನೆತ್ತಲು ಎರಡು ಕೈಯೂ ಬೇಕು. ದೋಣಿಯನ್ನು ಹಿಡಿದುಕೊಳ್ಳಲು ಮೂರನೆಯ ಕೈ ಎಲ್ಲಿಂದ ತರೋಣ? 10 ಲೀಟರಿನ ಕ್ಯಾನುಗಳೇ ವಾಸಿ. ದೊಡ್ಡದೇ ಇದ್ದರೆ ಹಾಯಿ ಏರಿಸುವ ಹಗ್ಗಕ್ಕೆ ಕಟ್ಟಿ ರಾಟೆಯಿಂದ ಮೇಲೆಳೆಯಿರಿ. ಭಾರದ್ದೆಲ್ಲ ದೋಣಿಯ ನಡುವೆ, ಆದಷ್ಟು ಕೆಳಗೆ ಇಡಿ.

ಕೊನೆಗೆ ಡಿಂಗಿಯನ್ನೂ ನೀರಿನಿಂದ ಮೇಲೆತ್ತಿ ಕಟ್ಟಿ, ಮೋಟಾರಿಗೆ ಬೀಗ ಹಾಕಿ. ನೀರಲ್ಲೇ ಬಿಟ್ಟರೆ ತಳಕ್ಕೆ ಪಾಚಿ, ಚಿಪ್ಪು ಹತ್ತಿ ಅದನ್ನು ಕೆರೆಯುವುದೇ ಮುಂದಿನ ವಾರದ ಕೆಲಸ.