ಹೋಲ್ಟರ್ ರಿಪೋರ್ಟ್ ಬಂತು, ಡಾಕ್ಟರ್ ಸಿಗೋದು ಎರಡು ವಾರಕ್ಕೆ: ಅಲ್ಲಿವರೆಗೆ ಓದುವುದು ಹೇಗೆ?

ಮೈಗೆ ಕಟ್ಟಿದ ಸಣ್ಣ ಯಂತ್ರ ಇಡೀ ದಿನದ ಹೃದಯ ಬಡಿತವನ್ನು ರೆಕಾರ್ಡ್ ಮಾಡುವ ಪರೀಕ್ಷೆಯೇ ಹೋಲ್ಟರ್. ಅಮ್ಮನ ಆ ರಿಪೋರ್ಟನ್ನು ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲೇ ಬಿಚ್ಚಿದೆ. ಇಪ್ಪತ್ತೆರಡು ಪುಟ. ಮೊದಲ ಪುಟದಲ್ಲೇ ಕನಿಷ್ಠ ಬಡಿತ ನಿಮಿಷಕ್ಕೆ 44, ಸಮಯ 14:40 ಎಂದಿತ್ತು. ಹಗಲು ಎರಡು ನಲವತ್ತಕ್ಕೆ 44? ಆ ಹೊತ್ತಿಗೆ ಅಮ್ಮ ಬಿಸಿಲಲ್ಲಿ ನಿಂತು ಅಂಗಳದ ತುಂಬ ಕಾಫಿ ಹಣ್ಣು ಹರಡುತ್ತಿದ್ದರು. ಬಸ್ಸು ಹಗರೆ ದಾಟುವಷ್ಟರಲ್ಲಿ ನನ್ನ ಎದೆಯೇ ಡವಡವ ಅನ್ನುತ್ತಿತ್ತು.

ಮನೆಗೆ ಬಂದು ಮತ್ತೆ ನೋಡಿದಾಗ ವಿಷಯ ಹೊಳೆಯಿತು. ರೆಕಾರ್ಡಿಂಗ್ ಶುರುವಾದ ಸಮಯ 23:00 ಎಂದು ಅಚ್ಚಾಗಿತ್ತು. ನಾವು ಯಂತ್ರ ಹಾಕಿಸಿಕೊಂಡದ್ದು ಬೆಳಿಗ್ಗೆ ಹನ್ನೊಂದಕ್ಕೆ. ಲ್ಯಾಬಿನವರು ಯಂತ್ರದ ಗಡಿಯಾರವನ್ನು ಹನ್ನೆರಡು ಗಂಟೆ ತಪ್ಪಿಸಿ ಇಟ್ಟಿದ್ದರು. ಅಂದರೆ 44 ಬಂದದ್ದು ನಡುರಾತ್ರಿ, ಗಾಢ ನಿದ್ದೆಯಲ್ಲಿ. ನಿದ್ದೆಯಲ್ಲಿ ಬಡಿತ ನಲವತ್ತು, ಐವತ್ತಕ್ಕೆ ಇಳಿಯುವುದು ಎಷ್ಟೋ ಜನರಲ್ಲಿ ಸಹಜ.

ಹಾಗಾಗಿ ಮೊದಲ ಕೆಲಸ ಇದೇ: ಅಂಕಿ ಆಮೇಲೆ, ಗಡಿಯಾರ ಮೊದಲು. ಹೆಸರು, ವಯಸ್ಸು, ಶುರುವಾದ ಸಮಯ, ಎಷ್ಟು ಗಂಟೆ ರೆಕಾರ್ಡ್ ಆಗಿದೆ, ಇಷ್ಟನ್ನು ನೋಡಿ. ತಪ್ಪಿದ್ದರೆ ಲ್ಯಾಬಿಗೆ ಹೋಗಿ ತಿದ್ದಿಸಿ. ನಮ್ಮ ಲ್ಯಾಬಿನವರು 'ಅದೇನೂ ಪರವಾಗಿಲ್ಲ ಸಾರ್' ಅಂದರು. ಪರವಾಗಿದೆ ಎಂದು ಪಟ್ಟು ಹಿಡಿದ ಮೇಲೆ ತಿದ್ದಿ ಕೊಟ್ಟರು.

ಯಂತ್ರ ನೋಡುವುದೇನು, ನೋಡದೆ ಇರುವುದೇನು

2025ರ ಜೂನ್, ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ದಿನಾ ಟಿ.ವಿ.ಯಲ್ಲಿ ಬರುತ್ತಿದ್ದವು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದರು. ಆಗಿನಿಂದ ಎದೆಗೆ ಸಂಬಂಧಿಸಿದ ಯಾವ ಕಾಗದ ಕಂಡರೂ 'ಬ್ಲಾಕ್ ಇದೆಯಾ?' ಎನ್ನುವುದೇ ಮೊದಲ ಪ್ರಶ್ನೆ. ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ಹೇಳಲು ಹೋಲ್ಟರ್ ಇರುವುದಲ್ಲ. ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಅದು ನೋಡುವುದು ವೈರಿಂಗ್, ನಲ್ಲಿಯ ಪೈಪನ್ನಲ್ಲ. ರಿಪೋರ್ಟಿನಲ್ಲಿ 'ಎ.ವಿ. ಬ್ಲಾಕ್' ಎಂದಿದ್ದರೂ ಅದು ಕರೆಂಟು ಮೇಲಿನಿಂದ ಕೆಳಕ್ಕೆ ಹೋಗುವ ದಾರಿಯ ಅಡ್ಡಿ. ಸ್ಟೆಂಟ್ ಹಾಕುವ ಬ್ಲಾಕ್ ಅದಲ್ಲ.

ಈ ಯಂತ್ರಕ್ಕೆ ಅಮೆರಿಕದ ನಾರ್ಮನ್ ಹೋಲ್ಟರ್ ಅವರ ಹೆಸರು. ಅವರ ಮೊದಲ ಯಂತ್ರ ಸುಮಾರು 38 ಕಿಲೋ ಇತ್ತು, ಬೆನ್ನಿಗೆ ಹೊತ್ತು ಓಡಾಡಬೇಕಿತ್ತು. ಮೊಬೈಲಿಗಿಂತ ಚಿಕ್ಕ ಡಬ್ಬಿಯನ್ನು ಅಮ್ಮ ಒಂದೇ ದಿನ ಕಟ್ಟಿಕೊಂಡು 'ಇದ್ಯಾವಾಗ ಬಿಚ್ಚೋದು' ಎಂದು ಹತ್ತು ಸಲ ಕೇಳಿದ್ದರು.

ಈಗ ಅಂಕಿಗಳಿಗೆ ಬನ್ನಿ

ಒಟ್ಟು ಬಡಿತ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಆಸುಪಾಸು ಇರುತ್ತದೆ. ಅಮ್ಮನದು 98,400. ಇದನ್ನು ದಿನದ 1,440 ನಿಮಿಷಕ್ಕೆ ಭಾಗಿಸಿದರೆ ಸರಾಸರಿ 68. ಸುಮ್ನೆ ಕೂತಾಗ 60ರಿಂದ 100 ಇರುವುದು ವಾಡಿಕೆ. ಗರಿಷ್ಠ 138 ಬಂದದ್ದು ಬೆಳಿಗ್ಗೆ 6.10ಕ್ಕೆ. ಯಾವ ಹೊತ್ತಿಗೆ ಏನು ಮಾಡುತ್ತಿದ್ದೆ ಎಂದು ಅಮ್ಮ ಬರೆದಿಟ್ಟ ಡೈರಿಯಲ್ಲಿ ಅದೇ ಹೊತ್ತಿಗೆ 'ಹಾಲಿನ ಕ್ಯಾನು, ಏರು' ಎಂದಿತ್ತು. ಏರು ಹತ್ತಿ ಸೊಸೈಟಿಗೆ ಹಾಲು ಹಾಕುವವರ ಹೃದಯ ಓಡಲೇಬೇಕಲ್ವಾ?

ಮುಂದಿನ ಸಾಲುಗಳಲ್ಲಿ ವಿ.ಇ., ಎಸ್.ವಿ.ಇ. ಎಂಬ ಅಕ್ಷರ ಕಾಣುತ್ತವೆ. ಕೆಲವು ಕಡೆ ಪಿ.ವಿ.ಸಿ., ಪಿ.ಎ.ಸಿ. ಎಂದಿರುತ್ತದೆ. ಎರಡೂ ಸರದಿಗಿಂತ ಮುಂಚೆ ಬಿದ್ದ ಬಡಿತಗಳು. ವಿ.ಇ. ಹೃದಯದ ಕೆಳಗಿನ ಕೋಣೆಯಿಂದ ಬಂದದ್ದು, ಎಸ್.ವಿ.ಇ. ಅದಕ್ಕಿಂತ ಮೇಲಿನಿಂದ. 'ಒಂದು ಬಡಿತ ತಪ್ಪಿ ಆಮೇಲೆ ದಡಕ್ ಅಂತು' ಎಂದು ನಾವು ಹೇಳುವುದು ಹೆಚ್ಚಾಗಿ ಇದನ್ನೇ. ಅಮ್ಮನಿಗೆ 612 ವಿ.ಇ. ಇತ್ತು. ಆರುನೂರು ಎಂದ ಕೂಡಲೇ ಮನೆಯೆಲ್ಲ ಗಾಬರಿ. ಶೇಕಡಾ ಲೆಕ್ಕ ಹಾಕಿ: 98,400ರಲ್ಲಿ 612 ಎಂದರೆ ಶೇ 0.6. ಹೃದಯ ಗಟ್ಟಿಯಾಗಿದ್ದವರಲ್ಲಿ ಶೇ 1ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆತಂಕವಿಲ್ಲ. ಶೇ 10 ದಾಟಿದರೆ ಡಾಕ್ಟರು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಹೃದಯದ ಬಲ ಕುಗ್ಗಿದೆಯೇ ಎಂದು ನೋಡುತ್ತಾರೆ. ನಡುವಿನದು ಅವರವರ ಹೃದಯದ ಸ್ಥಿತಿಯ ಮೇಲೆ. ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಲು ಹೋಗಬೇಡಿ.

ಪಾಸ್ (pause) ಎಂದರೆ ಎರಡು ಬಡಿತಗಳ ನಡುವಿನ ದೊಡ್ಡ ಬಿಡುವು. ಇದನ್ನು ನೀವೇ ಎಣಿಸಬಹುದು. ಬಡಿತದ ಗೆರೆ ಮೂಡಿರುವ ಚೌಕದ ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ಲೆಕ್ಕದಲ್ಲಿರುತ್ತದೆ. ಒಂದು ದೊಡ್ಡ ಚೌಕ 0.2 ಸೆಕೆಂಡು, ಐದು ಚೌಕಕ್ಕೆ ಒಂದು ಸೆಕೆಂಡು. ಪ್ರಿಂಟು ಸಣ್ಣದಾಗಿದ್ದರೂ ಚೌಕದ ಲೆಕ್ಕ ಬದಲಾಗದು. ಅಮ್ಮನ ಹಾಳೆಯ ಮೇಲೆ ಪೆನ್ಸಿಲ್ ಇಟ್ಟು ಎಣಿಸಿದೆ: ಹತ್ತೂವರೆ ಚೌಕ, ಅಂದರೆ 2.1 ಸೆಕೆಂಡು, ಅದೂ ನಿದ್ದೆಯಲ್ಲಿ. ಹದಿನೈದು ಚೌಕ, ಅಂದರೆ 3 ಸೆಕೆಂಡು ದಾಟಿದ್ದು ಎಚ್ಚರದಲ್ಲಿದ್ದಾಗ ಬಂದಿದ್ದರೆ, ಜೊತೆಗೆ ಕಣ್ಣು ಕತ್ತಲೆ ಬಂದಿದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ.

ಅದೇ ದಿನ ಫೋನ್ ಮಾಡಬೇಕಾದ ಇನ್ನೂ ಕೆಲವು ಪದಗಳಿವೆ. ಎ.ಎಫ್. ಎಂದರೆ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುವುದು. ಇದರಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯವಿದೆ, ಅದಕ್ಕೆ ಮಾತ್ರೆಯೂ ಇದೆ. ವಿ.ಟಿ. ಎಂದರೆ ಮೂರು ಅಥವಾ ಹೆಚ್ಚು ವಿ.ಇ. ಸಾಲಾಗಿ, ವೇಗವಾಗಿ ಬಂದದ್ದು. ಕಂಪ್ಲೀಟ್ ಹಾರ್ಟ್ ಬ್ಲಾಕ್, ಅಂದರೆ ಕರೆಂಟು ಕೆಳಕ್ಕೆ ಹೋಗುವ ದಾರಿ ಪೂರ್ತಿ ಕಟ್ಟಿಹೋಗುವುದು, ಕೂಡ ಇದೇ ಪಟ್ಟಿಗೆ ಸೇರಿದ್ದು. ಹಲ್ಲುಜ್ಜುವಾಗ ಕೈ ಅಲ್ಲಾಡಿದರೂ ಗೆರೆ ವಿ.ಟಿ. ಥರಾ ಕುಣಿಯುತ್ತದೆ, ನಿಜ. ಆದರೆ ಅದು ಕೈಯೋ ಹೃದಯವೋ ಎಂದು ಹೇಳಬೇಕಾದವರು ಡಾಕ್ಟರು. ಪರೀಕ್ಷೆ ಬರೆದುಕೊಟ್ಟ ಊರಿನ ಡಾಕ್ಟರಿಗೇ ತೋರಿಸಿ. ಅವರು ಒಂದು ಫೋನ್ ಮಾಡಿದರೆ ತಜ್ಞರು ಇನ್ನೂ ಬೇಗ ಸಿಗುವುದುಂಟು.

ಕಾಯುವಾಗ ಎದೆ ನೋವಿನ ಜೊತೆ ಬೆವರು, ಪ್ರಜ್ಞೆ ತಪ್ಪುವುದು, ಕೂತಲ್ಲೇ ಉಸಿರು ಕಟ್ಟುವುದು ಶುರುವಾದರೆ ರಿಪೋರ್ಟಿನಲ್ಲಿ ಏನೇ ಇರಲಿ, 108ಕ್ಕೆ ಕರೆ ಮಾಡಿ. ನಿನ್ನೆಯ ಹೋಲ್ಟರ್ ಇವತ್ತಿನ ಎದೆನೋವಿಗೆ ಉತ್ತರ ಹೇಳದು.

ಡೈರಿ ಜೋಡಿಸಿ

ನನ್ನ ಪ್ರಕಾರ ಇಪ್ಪತ್ತೆರಡು ಪುಟಕ್ಕಿಂತ ಬೆಲೆ ಹೆಚ್ಚು ಅಮ್ಮ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದ ಒಂಬತ್ತು ಸಾಲಿಗೆ. ಎದೆ ಹೊಡೆದುಕೊಂಡ ಪ್ರತಿ ಸಮಯದ ಪಕ್ಕ, ಆ ಹೊತ್ತಿಗೆ ರಿಪೋರ್ಟಿನಲ್ಲಿ ಏನಿದೆ ಎಂದು ಬರೆಯಿರಿ. ಎದೆ ಡವಗುಟ್ಟಿದಾಗಲೂ ಗೆರೆ ಮಾಮೂಲಿನಂತೆ ಇದ್ದರೆ ಅದೂ ದೊಡ್ಡ ಸುಳಿವು. ಆ 24 ಗಂಟೆಯಲ್ಲಿ ತೊಂದರೆಯೇ ಬರದಿದ್ದರೆ ಅದನ್ನೂ ಹೇಳಿ, ಡಾಕ್ಟರು ಇನ್ನೂ ಹೆಚ್ಚು ದಿನ ಯಂತ್ರ ಹಾಕಿಸಬಹುದು. ಎಷ್ಟು ಲೋಟ ಕಾಫಿ ಎಂಬುದನ್ನು ಬರೆಯಲು ನಮ್ಮ ಕಡೆಯವರು ನಾಚಿಕೊಳ್ಳುತ್ತಾರೆ. ಬರೆಯಿರಿ, ಕೆಲವರಿಗೆ ಅದರಿಂದ ಬಡಿತ ತಪ್ಪುವುದು ಜಾಸ್ತಿಯಾಗುತ್ತದೆ.

ಬಿ.ಪಿ. ಮಾತ್ರೆ, ಬಡಿತ ಇಳಿಸುವ ಮಾತ್ರೆಗಳನ್ನು ಅಂಕಿ ನೋಡಿ ನೀವೇ ನಿಲ್ಲಿಸಬೇಡಿ. ಪರೀಕ್ಷೆಯ ದಿನ ಯಾವ ಮಾತ್ರೆ ನುಂಗಿದ್ದಿರಿ ಎಂದು ಬರೆದಿಡಿ. ಹಳೆಯ ಇ.ಸಿ.ಜಿ., ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ರಿಪೋರ್ಟ್ ಇದ್ದರೆ ಜೊತೆಗಿರಲಿ. ರಕ್ತ ಕಡಿಮೆಯಾದರೂ, ಥೈರಾಯ್ಡ್ ಏರಿದರೂ ಎದೆ ಹೊಡೆದುಕೊಳ್ಳುತ್ತದೆ.

ಮೊಬೈಲ್ ಫೋಟೊ ಸಾಲದು, ಗೆರೆಗಳಿರುವ ಎಲ್ಲ ಪುಟಗಳನ್ನೂ ಒಯ್ಯಿರಿ. ನಮ್ಮ ಫೈಲಿನಲ್ಲಿ ಮೇಲೆ ಅಮ್ಮನ ಕ್ಯಾಲೆಂಡರ್ ಹಾಳೆ, ಅದರ ಕೆಳಗೆ ಗಡಿಯಾರ ತಿದ್ದಿದ ರಿಪೋರ್ಟ್. ತಪ್ಪು ಸಮಯದ್ದನ್ನು ಅಡ್ಡಗೆರೆ ಎಳೆದು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೇನೆ.